ಮಳೆಯೂ ಕಾಣಲಿ, ಹಾಳೆಯೂ ಮಾತಾಡಲಿ

ತೀರ್ಥಹಳ್ಳಿ ಕಡೆಯ, ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಘಟಕವೊಂದಕ್ಕೆ 30 ಸೆಕೆಂಡಿನ ಜಾಹೀರಾತು ಮಾಡುತ್ತಿದ್ದೀರಿ. ಜಡಿಮಳೆ ಸುರಿದರೂ ಚಿತ್ರದಲ್ಲಿ ಕಾಣುತ್ತಿಲ್ಲ, ಹಿನ್ನೆಲೆ ದನಿಯಲ್ಲಿ ಎಲ್ಲವನ್ನೂ ವಿವರಿಸಬೇಕೇ ಎಂದು ಕೇಳಿದ್ದೀರಿ.

ಮಳೆಯದು ಸುಲಭ. ಬೆಳಕು ಹನಿಗಳ ಹಿಂದಿನಿಂದ ಬರಲಿ, ಹಿನ್ನೆಲೆ ಕಪ್ಪಗಿರಲಿ. ಬಿಳಿಯ ಆಕಾಶದೆದುರು ಹನಿ ಕರಗಿಹೋಗುತ್ತದೆ. ಅಡಿಕೆ ತೋಟದ ಕತ್ತಲೆದುರು ಬೆಳ್ಳಿಯ ದಾರದಂತೆ ಹೊಳೆಯುತ್ತದೆ.

ವಿವರಣೆ ಮಾತ್ರ ದಯವಿಟ್ಟು ಬೇಡ. ‘ಪರಿಸರಸ್ನೇಹಿ’ ಎಂಬ ಪದ ಈಗ ಎಲ್ಲ ಪೊಟ್ಟಣಗಳ ಮೇಲೂ ಇದೆ, ಯಾರೂ ಓದುವುದಿಲ್ಲ. ಆದರೆ ಹಾಳೆ ಮರದಿಂದ ತಾನಾಗಿ ಕಳಚಿ ಒದ್ದೆ ನೆಲಕ್ಕೆ ದೊಪ್ಪನೆ ಬೀಳುವ ಸದ್ದು? ಅಲ್ಲಿಂದಲೇ ಶುರು ಮಾಡಿ. ಹಾಳೆಯ ಗೆರೆಗಳನ್ನು ತೀರಾ ಹತ್ತಿರದಿಂದ ತೋರಿಸಿ. ಮುಂದಿನ ದೃಶ್ಯದಲ್ಲಿ ಅವೇ ಗೆರೆಗಳು ತಟ್ಟೆಯಲ್ಲಿರಲಿ, ಮೇಲೆ ಹಬೆಯಾಡುವ ಅನ್ನ. ನೆನೆಸಿದ್ದು, ಬಿಸಿ ಅಚ್ಚಿನಲ್ಲಿ ಒತ್ತಿದ್ದು ಯಾವುದನ್ನೂ ತೋರಿಸದಿದ್ದರೂ ನೋಡುಗರು ನಡುವಿನ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗವೂ ಇದೇ: ನಟನ ಒಂದೇ ಮುಖಭಾವದ ಪಕ್ಕ ಸೂಪಿನ ಬಟ್ಟಲು ಜೋಡಿಸಿದರೆ ಹಸಿವು, ಶವಪೆಟ್ಟಿಗೆ ಜೋಡಿಸಿದರೆ ದುಃಖ.

ಸೆಕೆಂಡಿಗೆ 25ರಂತೆ ನಿಮ್ಮ ಕೈಯಲ್ಲಿರುವುದು 750 ಫ್ರೇಮುಗಳು. ಸಾರು ಬಡಿಸುವ ಕೈಗೆ, ಅನ್ನದ ಹಬೆಗೆ ಧಾರಾಳವಾಗಿ ಕೊಡಿ. ಘಟಕದ ಹೆಸರಿಗೆ ಕೊನೆಯ ಮೂರು ಸೆಕೆಂಡು ಸಾಕು. ಹಾಳೆ ಬೀಳುವ ಸದ್ದನ್ನು ಮಾತ್ರ ಮಳೆ ಬಿಟ್ಟಾಗ ಬೇರೆಯಾಗಿಯೇ ಧ್ವನಿಮುದ್ರಿಸಿಕೊಳ್ಳಿ. ಸುರಿಯುವಾಗ ಅದು ಕೇಳಿಸುವುದಿಲ್ಲ.