ಅಮೆರಿಕದಲ್ಲಿ ಬಡವರ ಮನೆ ರಿಪೇರಿ ಮಾಡುವ ಸ್ವಯಂಸೇವಕರಿಗೆ ಸರ್ಕಾರ ಯಾಕೆ ಹಣ ಕೊಡುತ್ತದೆ? ನಮ್ಮ ಎನ್‌ಎಸ್‌ಎಸ್ ಹುಡುಗರು ಪುಕ್ಕಟೆ ಮಾಡ್ತಾರಲ್ವಾ?

ಮನೆ ರಿಪೇರಿಗೆ ವರ್ಷಪೂರ್ತಿ ಸಿಗುವ, ಕೆಲಸ ಕಲಿತ ಕೈಗಳು ಬೇಕು. ಅದಕ್ಕೇ ಆ ಹಣ. ಅದು ಸಂಬಳವಲ್ಲ, ಬೇರೆ ದುಡಿಮೆ ಬಿಟ್ಟು ಬಂದವರ ಊಟ, ಬಾಡಿಗೆಗೆ ಆಸರೆ.

1994ರಲ್ಲಿ ಕೆಲಸ ಶುರುಮಾಡಿದ, ಇಂಥ ಸ್ವಯಂಸೇವಕರಿಗೆ ಹಣ ಕೊಡುವ ಅಲ್ಲಿನ ಸರ್ಕಾರಿ ಯೋಜನೆಯಾದ ಅಮೆರಿಕಾರ್ಪ್ಸ್‌ನಲ್ಲಿ ಪೂರ್ಣಾವಧಿ ಸದಸ್ಯರು ಸಾಮಾನ್ಯವಾಗಿ 1,700 ಗಂಟೆ ದುಡಿಯಬೇಕು. ನಮ್ಮ ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಜೊತೆಗೆ ಎರಡು ವರ್ಷದಲ್ಲಿ ಒಮ್ಮೆ 7 ದಿನದ ಶಿಬಿರ. ಅಷ್ಟರಲ್ಲಿ ಗಟಾರ ಸ್ವಚ್ಛ ಮಾಡಬಹುದು, ಗಿಡ ನೆಡಬಹುದು. ಅದೂ ಒಳ್ಳೆಯ ಕೆಲಸವೇ.

ಆದರೆ ಗದಗ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆ ನೆನೆಸಿಕೊಳ್ಳಿ. ಸೋರುತ್ತದೆ ಅಂತ ಸುಮ್ನೆ ಮೇಲೆ ಮಣ್ಣು ಹಾಕಿದರೆ ಭಾರ ಜಾಸ್ತಿಯಾಗಿ, ಹುಳ ತಿಂದ ತೊಲೆ ಮುರಿಯಬಹುದು. ಕೆಳಗೆ ಮಕ್ಕಳು ಮಲಗಿರುತ್ತಾರೆ. ಮೊದಲು ಹಳೇ ಮಣ್ಣು ಇಳಿಸಬೇಕು, ತೊಲೆ ತಟ್ಟಿ ನೋಡಬೇಕು, ಆಮೇಲೆ ಹೊಸ ಮಣ್ಣು. ಒಂದು ಮನೆಯಲ್ಲಿ ಇದನ್ನು ಕಲಿತ ಹುಡುಗ ಹತ್ತನೇ ಮನೆಗೂ ಬರಬೇಕು. ಆಗ ಭಾನುವಾರ ಮಾತ್ರ ಬರುವ ಹತ್ತು ಜನರಿಂದಲೂ ಅವನು ಸರಿಯಾಗಿ ಕೆಲಸ ಮಾಡಿಸುತ್ತಾನೆ. ನನ್ನ ಪ್ರಕಾರ ಆ ಹಣಕ್ಕೆ ನಿಜವಾದ ಬೆಲೆ ಸಿಗುವುದು ಇಲ್ಲಿಯೇ.

ಸೇವೆ ಮುಗಿದ ಮೇಲೆ ಅಮೆರಿಕಾರ್ಪ್ಸ್ ಸದಸ್ಯರಿಗೆ ಓದಿನ ಖರ್ಚಿಗೂ ಒಂದಿಷ್ಟು ಹಣ ಸಿಗುತ್ತದೆ.