ದೋಟಿ ಹಿಡಿಯುವ ಕೈಗೆ ಪಿಆರ್‌ಪಿ ಇಂಜೆಕ್ಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮರ ಹತ್ತಲು ಜನ ಸಿಗದೆ ಕಾರ್ಬನ್ ಫೈಬರ್ ದೋಟಿಯಲ್ಲಿ (ಗೊನೆ ಕೊಯ್ಯುವ ಉದ್ದ ಕೋಲು) ನಾನೇ ಕೊಯ್ಯುತ್ತೇನೆ, ಮಳೆಗಾಲದಲ್ಲಿ ಮದ್ದೂ ಬಿಡುತ್ತೇನೆ. ಈಗ ಬಲ ಮೊಣಕೈಯ ಹೊರಬದಿಯಲ್ಲಿ ನೋವು, ಚೊಂಬು ಎತ್ತಲೂ ಕಷ್ಟ. ಟೆನಿಸ್ ಎಲ್ಬೋ ಅಂದರು. ಪಿಆರ್‌ಪಿ ಇಂಜೆಕ್ಷನ್ ಹಾಕಿಸಿದರೆ ಒಳಗಿನ ನಾರು ಹೊಸದಾಗಿ ಬೆಳೆಯುತ್ತದಂತೆ. ಹಾಕಿಸಲೇ?
– ಒಬ್ಬ ಕೃಷಿಕ

ಉತ್ತರ: ಈಗಲೇ ಬೇಡ. ನಿಮ್ಮದೇ ರಕ್ತವನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಹಳದಿ ನೀರನ್ನು ನೋವಿರುವಲ್ಲಿ ಚುಚ್ಚುವುದೇ ಪಿಆರ್‌ಪಿ. ಗಾಯ ಮಾಗಿಸುವ ಅಂಶ ಅದರಲ್ಲಿರುವುದು ನಿಜ. ಆದರೆ ಇದೇ ಮೊಣಕೈ ನೋವಿನ 32 ಪ್ರಯೋಗಗಳನ್ನು 2021ರಲ್ಲಿ ಕೊಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಅಂತಾರಾಷ್ಟ್ರೀಯ ಸಂಸ್ಥೆಯ ತಂಡ ಒಟ್ಟಿಗೆ ನೋಡಿದಾಗ, ಔಷಧಿಯೇ ಇಲ್ಲದ ಇಂಜೆಕ್ಷನ್‌ಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅಡಿಕೆ ಮಾರಿದ ದುಡ್ಡನ್ನು ಮೊದಲೇ ಅದಕ್ಕೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಕೊಯ್ಲು ಮುಗಿಯುವವರೆಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿ ಅಂತ ಕೇಳುವವರಿದ್ದಾರೆ. ಅದೂ ಬೇಡ. ಕೆಲವು ವಾರ ಹಾಯೆನಿಸುತ್ತದೆ, ವರ್ಷ ಕಳೆಯುವಾಗ ಹಾಕಿಸಿಕೊಳ್ಳದವರೇ ಹೆಚ್ಚು ಚೇತರಿಸಿಕೊಂಡಿರುತ್ತಾರೆ.

ಹೀಗೆ ಮಾಡಿ. ಮೇಜಿನ ಮೇಲೆ ಮುಂಗೈ ಊರಿ, ಅಂಗೈ ಕೆಳಮುಖವಾಗಿರಲಿ, ಮಣಿಕಟ್ಟು ಅಂಚಿನಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಎಡಗೈ ಸಹಾಯದಿಂದ ಮಣಿಕಟ್ಟು ಮೇಲೆತ್ತಿ. ಆಮೇಲೆ ಎಡಗೈ ಬಿಟ್ಟು ನಿಧಾನಕ್ಕೆ ಇಳಿಸಿ. ಇಳಿಸುವಾಗಲೇ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಆ ನಾರಿಗೆ, ಕೆಲಸ, ಅವಸರ ಮಾಡಬೇಡಿ. ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಜಾಸ್ತಿಯಾದರೆ ನೀರು ಕಡಿಮೆ ಮಾಡಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರೇ ಮಾಡುವುದು ಒಳ್ಳೆಯದು. ಮೂರು ತಿಂಗಳು ಬಿಡದೆ ಮಾಡಿ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿಯೇ ವಾಸಿಯಾಗುವ ನೋವು ಇದು.

ದೋಟಿಯನ್ನು ಅಷ್ಟು ಬಿಗಿಯಾಗಿ ಹಿಡಿಯಬೇಡಿ. ಗೊನೆ ಎಳೆಯುವಾಗ ಮಣಿಕಟ್ಟು ನೇರವಿರಲಿ, ಭಾರ ಎರಡೂ ಕೈಗೆ ಬೀಳಲಿ. ಇಡೀ ದಿನ ಒಬ್ಬರೇ ಕೊಯ್ಯುವುದು ಬಿಟ್ಟುಬಿಡಿ.

ಅಷ್ಟಾದರೂ ಗುಣವಾಗದಿದ್ದರೆ ಸ್ಕ್ಯಾನ್ ಮಾಡಿಸಿ, ಪಿಆರ್‌ಪಿ ಮಾತು ಆಮೇಲೆ. ‘ಸ್ಟೆಮ್ ಸೆಲ್’ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಚುಚ್ಚುತ್ತೇವೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಇಂಥ ನೋವಿಗೆ ಅದು ಸಂಶೋಧನೆಯಲ್ಲಿ ಮಾತ್ರ, ಅಲ್ಲಿ ದುಡ್ಡು ಕೇಳುವಂತಿಲ್ಲ.

ಇನ್ನೊಂದು, ನೀವು ಬರೆದಿಲ್ಲ: ಬೆರಳು ಜೋಮು ಹಿಡಿಯುತ್ತದಾ? ದಿನವಿಡೀ ತಲೆಯೆತ್ತಿ ಗೊನೆ ನೋಡುವವರಿಗೆ ಕುತ್ತಿಗೆಯ ನರ ಒತ್ತಿಯೂ ಕೈ ನೋಯಬಹುದು. ಹಾಗಿದ್ದರೆ ಮೊದಲು ಕುತ್ತಿಗೆ ತೋರಿಸಿ.