ಕಾರ್ಪೊರೇಟ್ ಸಂವಹನದಲ್ಲಿರುವ ಪದವೀಧರರು ಕಲಾಕ್ಷೇತ್ರಕ್ಕೆ ಹೋಗುವುದು ಹೇಗೆ?

ಕಲಾಸಂಸ್ಥೆಗೆ ಹಣ, ಪ್ರೇಕ್ಷಕರು ಎರಡನ್ನೂ ತರಬಲ್ಲವರಾಗಿ ಹೋಗಿ. ಅಂಥವರ ಕೊರತೆ ಅಲ್ಲಿ ನಿಜಕ್ಕೂ ಇದೆ. 2013ರ ಕಂಪನಿ ಕಾಯ್ದೆಯಂತೆ 5 ಕೋಟಿ ರೂಪಾಯಿಗೆ ಕಡಿಮೆಯಿಲ್ಲದಷ್ಟು ನಿವ್ವಳ ಲಾಭವಿರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಆ ಹಣ ಖರ್ಚು ಮಾಡಬಹುದಾದ ಕ್ಷೇತ್ರಗಳ ಪಟ್ಟಿಯಲ್ಲಿ ಕಲೆ, ಪರಂಪರೆಯೂ ಇವೆ. ಕಂಪನಿಯವರು ಒಪ್ಪುವಂತೆ ಪ್ರಸ್ತಾವನೆ ಬರೆಯುವುದು ಎಷ್ಟೋ ರಂಗತಂಡಗಳಿಗೆ ಕಷ್ಟ, ನಿಮಗೆ ರೂಢಿ.

ಕೆಲಸ ಬಿಡುವ ಮೊದಲೇ ಒಂದು ತಂಡಕ್ಕೆ 2 ಪುಟದ ಪ್ರಸ್ತಾವನೆ, ಬಜೆಟ್ ಮಾಡಿಕೊಡಿ. ತಂಡ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ನೋಂದಣಿ) ಮಾಡಿಸಿದೆಯೇ ಮೊದಲು ನೋಡಿ; ಅದಿಲ್ಲದೆ ಈ ಹಣ ಬರುವುದಿಲ್ಲ. ಬೆಂಗಳೂರಿನ ರಂಗಶಂಕರದಂಥ ರಂಗಮಂದಿರಕ್ಕೆ ಅರ್ಜಿ ಹಾಕುವಾಗ ಪದವಿಗಿಂತ ಈ ಕೆಲಸವನ್ನೇ ಮುಂದಿಡಿ. ಹೆಚ್ಚಿನವರು ಎಡವುವುದು ಧಾಟಿಯಲ್ಲಿ: ನಾಟಕದ ಪ್ರಚಾರವನ್ನು ಪತ್ರಿಕಾ ಪ್ರಕಟಣೆಯಂತೆ ಬರೆದರೆ ಟಿಕೆಟ್ ಮಾರಾಟವಾಗುವುದಿಲ್ಲ. ಸಂಬಳ ಇಳಿಯಬಹುದು, 6 ತಿಂಗಳ ಖರ್ಚು ಕೂಡಿಟ್ಟುಕೊಳ್ಳಿ.